ಕೊಲ್ಲಾಪುರದ ನ್ಯೂ ಪ್ಯಾಲೇಸ್ ಅರಮನಿ ಪೂರಾ ನೋಡಾಕ ಬಿಡ್ತಾರೇನ್ರಿ?

ದಸರಾ ಹತ್ರ ಬಂತಂದ್ರ ಸಾಕು, ನಮ್ಮ ಜತ್ತ ಕಡೆಯಿಂದ ಅಂಬಾಬಾಯಿ ದರ್ಶನಕ್ಕ ಹೊಂಟೋರೆಲ್ಲಾ ಇದನ್ನ ಕೇಳ್ತಾರ. ಇಲ್ರಿ, ಪೂರಾ ಬಿಡಂಗಿಲ್ಲ. ಕೆಳಗಿನ ಮಹಡಿ ಅಷ್ಟ ಮ್ಯೂಸಿಯಂ, ಶಹಾಜಿ ಛತ್ರಪತಿ ಮ್ಯೂಸಿಯಂ ಅಂತ ಹೆಸರು, ಮ್ಯಾಲ ರಾಜಮನೆತನದವ್ರು ಇನ್ನೂ ವಾಸ ಅದಾರ. ಒಳಗ ಫೋಟೋ ಹೊಡಿಯಂಗಿಲ್ಲ. ಉತ್ತರ ಇಷ್ಟ.

ಆದ್ರ ಪ್ರಶ್ನಿ ಜೋಡಿ ಇನ್ನೊಂದು ಅಂಟಿಸ್ತಾರಲ್ಲ, "ಶಿವಾಜಿ ಮಹಾರಾಜರು ಇದ್ದ ಅರಮನಿ ಅಲ್ರಿ ಅದು?" ಅಂತ, ಅಲ್ಲಿ ನನಗ ತಲಿ ಕೆಡ್ತೈತಿ. ಮಹಾರಾಜರು ತೀರಿಕೊಂಡಿದ್ದು 1680ರಾಗ, ರಾಯಗಡದಾಗ. ಈ ಅರಮನಿ ಕಟ್ಟಾಕ ಸುರು ಮಾಡಿದ್ದು 1877, ಮುಗಿದಿದ್ದು 1884. ನಕ್ಷಾ ತಗದೋನು ಮ್ಯಾಂಟ್ ಅನ್ನೋ ಇಂಗ್ಲಿಷ್ ಮೇಜರ್. ನೆತ್ತಿ ಮ್ಯಾಲ ಅಷ್ಟು ದೊಡ್ಡ ಗಡಿಯಾರದ ಗೋಪುರ ಕಾಣ್ತೈತಿ, ಅದನ್ನ ನೋಡೀನೂ ಹಿಂಗ ಕೇಳ್ತೀರಲ್ಲ ಮಾರಾಯ್ರ!

ತಪ್ಪು ಎಲ್ಲಿ ಹುಟ್ಟತೈತಿ ಅನ್ನೋದು ನನಗ ಗೊತ್ತೈತಿ. ದರ್ಬಾರ್ ಹಾಲ್‌ನ ಬಣ್ಣದ ಗಾಜಿನ ಮ್ಯಾಲ ಶಿವಾಜಿ ಜೀವನದ ಚಿತ್ರ ಅದಾವ, ಬಿಸಲು ಬಿದ್ದಾಗ ಕುದ್ರಿ, ಕತ್ತಿ ಎಲ್ಲಾ ಹೊಳಿತಾವ, ಅದನ್ನ ನೋಡಿ ಬಂದೋರು ಊರಾಗ ಇಲ್ಲೇ ಇದ್ರಂತ ಅಂತ ಹೇಳ್ಕೋತ ಹೋಗ್ತಾರ. ಕೊಲ್ಲಾಪುರದ ಗಾದಿ ಅವ್ರ ವಂಶದ್ದು ಖರೇ, ಅದನ್ನ ಕಟ್ಟಿದಾಕಿ ಸೊಸಿ ತಾರಾಬಾಯಿ, ಅದೂ ಅವ್ರು ಹೋದ ಮ್ಯಾಲಿನ ಮಾತು. ಮಹಾರಾಜರು ಖರೇ ಇದ್ದ ಜಾಗ ಬೇಕಂದ್ರ ಪನ್ಹಾಳಾ ಕೋಟಿ ಹತ್ರಿ, ಇಲ್ಲಿಂದ 20 ಕಿಲೋಮೀಟರ್ ಅಷ್ಟ. 1660ರಾಗ ನಮ್ಮ ವಿಜಾಪುರದ ಆದಿಲ್‌ಶಾಹಿ ಸರದಾರ ಸಿದ್ದಿ ಜೌಹರ್ ತಿಂಗಳಗಟ್ಟಲೆ ಮುತ್ತಿಗಿ ಹಾಕಿ ಕುಂತಿದ್ದು ಅಲ್ಲಿ, ಮಳಿ ರಾತ್ರ್ಯಾಗ ಅವ್ರು ವಿಶಾಳಗಡಕ್ಕ ಪಾರಾಗಿದ್ದೂ ಅಲ್ಲಿಂದನ.

ಹಂಗಂದ್ರ ಮುಂದ ಕೊಲ್ಲಾಪುರದ ರಾಜ ಆದ ಶಾಹು ಮಹಾರಾಜರು ಹುಟ್ಟಿದ್ದರ ಇಲ್ಲೇನು? ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಅವ್ರು ಕಾಗಲದ ಘಾಟಗೆ ಮನಿತನದವ್ರು, ಹುಟ್ಟಿದ್ದು 1874ರಾಗ, ಕೊಲ್ಲಾಪುರದ ಕಸಬಾ ಬಾವಡಾದಾಗಿನ ಲಕ್ಷ್ಮೀವಿಲಾಸ ಅರಮನಿಯಾಗ. ಕೊಲ್ಲಾಪುರದ ಗಾದಿಗೆ ದತ್ತಕ ಬಂದಿದ್ದು 1884, ಅಂದ್ರ ಈ ಅರಮನಿ ಮುಗಿದ ವರ್ಷಾನ. 1902ರಾಗ ಹಿಂದುಳಿದೋರಿಗೆ ನೌಕರಿಯೊಳಗ ಅರ್ಧ ಜಾಗ ಇಟ್ಟ ರಾಜ ಅವ್ರು, ಮಕ್ಕಳಿಗೆ ಮ್ಯೂಸಿಯಂನಾಗಿನ ಹುಲಿ ಬೊಂಬಿ ಅಷ್ಟ ತೋರ್ಸಿ ಕರ್ಕೊಂಡು ಬರಬ್ಯಾಡ್ರಿ. ಲಕ್ಷ್ಮೀವಿಲಾಸ ಅಂತ ಮೊಬೈಲ್‌ನಾಗ ಹುಡುಕಿದ್ರ ಬಡೋದಾದ್ದು ಬರ್ತೈತಿ (ಅದರ ನಕ್ಷಾನೂ ಇದ ಮ್ಯಾಂಟಂದು), ಅದಕ್ಕ ರಿಕ್ಷಾದವ್ರಿಗೆ ಬಾವಡಾ ಅಂತನ ಹೇಳ್ರಿ.