ಕ್ಲಚ್ ಸವೆದಾಗ: ಗೇರ್ ಬಾಕ್ಸ್ ಇಳಿಸುವ ಮೊದಲು ಮತ್ತು ಇಳಿಸಿದ ಮೇಲೆ

ಕ್ಲಚ್ ಪ್ಲೇಟಿನ ಬೆಲೆ ಎರಡು ಸಾವಿರದ ಒಳಗೆ, ಅದನ್ನು ಬದಲಿಸಿದ ಬಿಲ್ಲು ಮಾತ್ರ ಎಂಟು ಸಾವಿರ. ಇದು ಹೇಗೆ? ಐಟಿಐಯ ಮೋಟಾರು ವಾಹನ ಮೆಕ್ಯಾನಿಕ್ ಟ್ರೇಡಿಗೆ ಈ ವರ್ಷ ಸೇರಿದ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಇದು. ಉತ್ತರ ಇರುವುದು ಜಾಗದಲ್ಲಿ. ಎಂಜಿನ್ನಿನ ತಿರುಗುವಿಕೆಯನ್ನು ಗೇರ್ ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ಅವೆರಡರ ನಡುವೆ ಕುಳಿತಿದೆ. ಅದನ್ನು ಮುಟ್ಟಬೇಕಾದರೆ ಗೇರ್ ಬಾಕ್ಸ್ ಕೆಳಗಿಳಿಯಲೇಬೇಕು. ಹಿಂದಿನ ಚಕ್ರ ತಳ್ಳುವ ಗಾಡಿಯಾದರೆ ಚಕ್ರದ ಕಡೆಗೆ ತಿರುಗುವಿಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಮುಂದಿನ ಚಕ್ರ ಎಳೆಯುವ ಕಾರಾದರೆ ಎರಡೂ ಡ್ರೈವ್ ಶಾಫ್ಟ್ ಹೊರತೆಗೆಯಬೇಕು. ಇಬ್ಬರು ಆಳುಗಳ ಅರ್ಧ ದಿನಕ್ಕಿಂತ ಹೆಚ್ಚು ಇದಕ್ಕೇ ಹೋಗುತ್ತದೆ. ಹಾಗಾಗಿ ಒಮ್ಮೆ ಇಳಿಸಿದ ಗೇರ್ ಬಾಕ್ಸನ್ನು ಮತ್ತೆ ಇಳಿಸುವಂತಾಗಬಾರದು; ಪ್ಲೇಟಿನ ಜೊತೆಗಿನ ಭಾಗಗಳನ್ನೂ ಆಗಲೇ ಬದಲಿಸುವುದರಿಂದ ಬಿಲ್ಲು ಬೆಳೆಯುತ್ತದೆ. ಈ ಟಿಪ್ಪಣಿ ಬರೆಯಲು ಕೂತದ್ದೂ ಅದಕ್ಕಾಗಿಯೇ.

ನನ್ನ ಸೋದರಮಾವನ ಸಣ್ಣ ಸರಕು ವಾಹನದ ಕಥೆ ಹೇಳಿದರೆ ಇದು ಸ್ಪಷ್ಟವಾಗುತ್ತದೆ. ತೊಗರಿ ರಾಶಿಯ ಕಾಲದಲ್ಲಿ ಆಳಂದದ ಕಡೆಯಿಂದ ಕಲಬುರಗಿಯ ಎಪಿಎಂಸಿಗೆ ಚೀಲ ತರುವುದು ಅವರ ಕೆಲಸ. ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಎಂದು ಅವರು ಒಂದು ಗ್ಯಾರೇಜಿಗೆ ಕೊಟ್ಟರು. ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ತುಳಿದಾಗ ಆ ಒತ್ತು ಬಿಡಿಸುವ ರಿಲೀಸ್ ಬೇರಿಂಗ್ ಸೇರಿದ ಸೆಟ್ಟಿಗೆ 5,200, ಕೂಲಿ 2,800, ಒಟ್ಟು 8,000 ರೂಪಾಯಿ ಆಯಿತು. ಮೂರೇ ವಾರದಲ್ಲಿ ಕ್ಲಚ್ ಮತ್ತೆ ಜಾರತೊಡಗಿತು. ಎರಡನೆಯ ಸಲ ಬೇರೆ ಕಡೆ ಬಿಚ್ಚಿದಾಗ ನಾನೂ ಪಕ್ಕದಲ್ಲಿ ನಿಂತಿದ್ದೆ. ಹೊಸ ಪ್ಲೇಟಿನ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಎಣ್ಣೆಯಲ್ಲಿ ಕಪ್ಪಗೆ ತೊಯ್ದಿತ್ತು. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ಹಿಂಭಾಗದಲ್ಲಿ ಎಣ್ಣೆ ತಡೆಯುವ ಆಯಿಲ್ ಸೀಲ್ ಸೋರುತ್ತಿತ್ತು. ಮೊದಲ ಸಲ ಅದನ್ನು ಯಾರೂ ನೋಡಿರಲಿಲ್ಲ. ಸೀಲಿನ ಬೆಲೆ 350. ಅದಕ್ಕಾಗಿ ಮತ್ತೊಂದು ಪ್ಲೇಟ್, ಗೇರ್ ಆಯಿಲ್, ಮತ್ತೊಮ್ಮೆ 2,800 ಕೂಲಿ ಸೇರಿ ಐದೂವರೆ ಸಾವಿರ ಹೋಯಿತು. ಅದು ಹತ್ತು ಹನ್ನೆರಡು ಬಾಡಿಗೆಗಳ ಉಳಿತಾಯ. ಮಾವನ ಮುಖ ನೋಡಿ ನನಗೆ ಆ ದಿನ ಊಟ ಸೇರಲಿಲ್ಲ.

ಜಾರುವುದು ಎಂದರೆ ಏನು

ಎಂಜಿನ್ ತಿರುಗಿದಷ್ಟು ಪ್ಲೇಟ್ ತಿರುಗದೆ ಹಿಂದೆ ಬೀಳುವುದೇ ಜಾರುವುದು. ಪುಸ್ತಕದ ಸೂತ್ರವನ್ನು ಕಂಠಪಾಠ ಮಾಡಿ ಬಿಟ್ಟುಬಿಡಬೇಡಿ, ಅದು ಗ್ಯಾರೇಜಿನಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ಲಚ್ ದಾಟಿಸಬಲ್ಲ ಟಾರ್ಕ್ (ತಿರುಗಿಸುವ ಬಲ) = ಘರ್ಷಣ ಗುಣಾಂಕ × ಒತ್ತುವ ಬಲ × ಸರಾಸರಿ ತ್ರಿಜ್ಯ × 2. ಕೊನೆಯ 2 ಬಂದದ್ದು ಪ್ಲೇಟಿಗೆ ಎರಡು ಮೈ ಇರುವುದರಿಂದ: ಒಂದು ಮೈ ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲಿಗೆ, ಇನ್ನೊಂದು ಪ್ರೆಶರ್ ಪ್ಲೇಟಿಗೆ ಅಂಟುತ್ತದೆ. ಒಂದು ಸಣ್ಣ ಗಾಡಿಯ ಲೆಕ್ಕ ಹಾಕೋಣ. ಗುಣಾಂಕ 0.3, ಪ್ರೆಶರ್ ಪ್ಲೇಟನ್ನು ಡಯಾಫ್ರಾಮ್ ಸ್ಪ್ರಿಂಗ್ ಒತ್ತುವ ಬಲ 4,000 ನ್ಯೂಟನ್, ತ್ರಿಜ್ಯ 0.085 ಮೀಟರ್ ಎಂದುಕೊಳ್ಳಿ. 204 ನ್ಯೂಟನ್ ಮೀಟರ್ ಬರುತ್ತದೆ. ಎಂಜಿನ್ ಕೊಡುವುದು ಹೆಚ್ಚೆಂದರೆ 110 ಎಂದಾದರೆ ಕ್ಲಚ್ಚಿನ ಬಳಿ ಸಾಕಷ್ಟು ಹೆಚ್ಚುವರಿ ಶಕ್ತಿ ಇದೆ, ಜಾರುವುದಿಲ್ಲ.

ಈಗ ಒಂದೊಂದನ್ನೇ ಕೆಡಿಸಿ ನೋಡಿ. ಲೈನಿಂಗಿಗೆ ಎಣ್ಣೆ ತಗುಲಿ ಗುಣಾಂಕ 0.12ಕ್ಕೆ ಇಳಿದರೆ ಉಳಿಯುವುದು 82. ಮಾವನ ಗಾಡಿಯಲ್ಲಿ ಆದದ್ದು ಇದೇ. ಇನ್ನು ಗುಣಾಂಕ ಸರಿಯಿದ್ದು, ಕೇಬಲ್ ಬಿಗಿಯಾಗಿ ಪೆಡಲಿನ ಫ್ರೀ ಪ್ಲೇ, ಅಂದರೆ ಕ್ಲಚ್ ಕೆಲಸ ಶುರುಮಾಡುವ ಮೊದಲು ಪೆಡಲ್ ಸುಮ್ಮನೆ ಚಲಿಸುವ ದೂರ, ಪೂರ್ತಿ ಹೋಗಿದೆ ಎನ್ನಿ. ಆಗ ರಿಲೀಸ್ ಬೇರಿಂಗ್ ಸದಾ ಸ್ಪ್ರಿಂಗಿನ ಬೆರಳುಗಳನ್ನು (ಒಳತುದಿಗಳನ್ನು) ತಳ್ಳುತ್ತಲೇ ಇರುತ್ತದೆ. ಒತ್ತುವ ಬಲ ಅರ್ಧಕ್ಕೆ ಇಳಿದರೆ 102 ಮಾತ್ರ ಸಿಗುತ್ತದೆ, ಅದು 110ಕ್ಕಿಂತ ಕಡಿಮೆ. ಪ್ಲೇಟ್ ಚೆನ್ನಾಗಿದ್ದೂ ಕ್ಲಚ್ ಜಾರುತ್ತದೆ! ಒಂದು ನಟ್ಟು ತಿರುಗಿಸಿದರೆ ಸರಿಹೋಗುವ ದೋಷ ಇದು. ಇದಕ್ಕಾಗಿ ಗೇರ್ ಬಾಕ್ಸ್ ಇಳಿಸಿದವರನ್ನು ನಾನು ಕಂಡಿದ್ದೇನೆ.

ಸವೆತಕ್ಕೂ ಫ್ರೀ ಪ್ಲೇಗೂ ನಂಟಿದೆ, ಮೌಖಿಕ ಪರೀಕ್ಷೆಯಲ್ಲಿ ಇಲ್ಲಿಯೇ ಹೆಚ್ಚಿನವರು ತಡವರಿಸುತ್ತಾರೆ. ಪ್ಲೇಟ್ ತೆಳ್ಳಗಾದಂತೆ ಪ್ರೆಶರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ. ಸ್ಪ್ರಿಂಗಿನ ಬೆರಳುಗಳು ಅದಕ್ಕೆ ವಿರುದ್ಧವಾಗಿ ರಿಲೀಸ್ ಬೇರಿಂಗ್ ಕಡೆಗೆ ಎದ್ದು ಬರುತ್ತವೆ. ಹಾಗಾಗಿ ಸವೆದಷ್ಟೂ ಫ್ರೀ ಪ್ಲೇ ಕಡಿಮೆಯಾಗುತ್ತದೆ, ಹೆಚ್ಚುವುದಿಲ್ಲ. ತಾನಾಗಿಯೇ ಹೊಂದಿಕೊಳ್ಳುವ ಕೇಬಲ್ ಅಥವಾ ಹೈಡ್ರಾಲಿಕ್ ಕ್ಲಚ್ ಇದ್ದರೆ ಈ ಗುರುತು ಪೆಡಲಿನಲ್ಲಿ ಸಿಗುವುದಿಲ್ಲ. ಅಲ್ಲಿ ಪೆಡಲ್ ಭಾರವಾಗಿದೆಯೇ, ಗಾಡಿ ಹೊರಡುವ ಬಿಂದು ಮೇಲಕ್ಕೆ ಹೋಗಿದೆಯೇ ಎಂದು ಪಾದದಿಂದಲೇ ಅರಿಯಬೇಕು.

ಜಾರಿದಾಗ ಹುಟ್ಟುವ ಬಿಸಿಯನ್ನೂ ಲೆಕ್ಕ ಹಾಕಿ. 100 ನ್ಯೂಟನ್ ಮೀಟರ್ ಟಾರ್ಕಿನಲ್ಲಿ ನಿಮಿಷಕ್ಕೆ 1,000 ಸುತ್ತು ವ್ಯತ್ಯಾಸ ಇದ್ದರೆ ಸುಮಾರು 10,500 ವ್ಯಾಟ್. ಸ್ನಾನದ ನೀರು ಕಾಯಿಸುವ 1,500 ವ್ಯಾಟಿನ ಏಳು ಕಾಯಿಲುಗಳನ್ನು ಒಂದು ತಟ್ಟೆಯಷ್ಟು ಜಾಗದಲ್ಲಿ ಹಚ್ಚಿಟ್ಟಂತೆ. ಶರಣಬಸವೇಶ್ವರ ಜಾತ್ರೆಯ ಜನಸಂದಣಿಯಲ್ಲಿ ಅರ್ಧ ಕ್ಲಚ್ ಹಿಡಿದು ತೆವಳುವ ಗಾಡಿಯಿಂದ ಸುಟ್ಟ ವಾಸನೆ ಏಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ. ಕಲಬುರಗಿಯ ಬಿಸಿಲು ಮೊದಲೇ ಕಾದ ಕ್ಲಚ್ಚಿಗೆ ಇನ್ನಷ್ಟು ಬಿಸಿ ಸೇರಿಸುತ್ತದೆ.

ಬಿಚ್ಚದೆಯೇ ಪರೀಕ್ಷಿಸುವುದು

ಖಾಲಿ ನೇರ ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸುತ್ತು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸುತ್ತೂ ಏರುವುದಿಲ್ಲ, ವೇಗವೂ ಏರುವುದಿಲ್ಲ ಎಂದಾದರೆ ಕ್ಲಚ್ಚನ್ನು ದೂರಬೇಡಿ, ಏರ್ ಫಿಲ್ಟರ್ ಅಥವಾ ಇಂಧನದ ದಾರಿ ಕಟ್ಟಿರಬಹುದು. ‘ಮೊದಲ ಗೇರಿನಲ್ಲಿ ಚೆನ್ನಾಗಿಯೇ ಎಳೆಯುತ್ತದೆ’ ಎಂದು ಗಿರಾಕಿ ಹೇಳಿದರೆ ನಂಬಿ ಸುಮ್ಮನಾಗಬೇಡಿ. ಕೆಳಗಿನ ಗೇರಿನಲ್ಲಿ ಚಕ್ರ ಸುಲಭವಾಗಿ ತಿರುಗುವುದರಿಂದ ಸೋತ ಕ್ಲಚ್ಚೂ ಅಲ್ಲಿ ಕೆಲಸ ಮಾಡುತ್ತದೆ.

ನಿಂತಲ್ಲೇ ಮಾಡುವ ಪರೀಕ್ಷೆ ಇನ್ನೊಂದಿದೆ. ಸಮತಟ್ಟಿನ ನೆಲ, ಹ್ಯಾಂಡ್ ಬ್ರೇಕ್, ಗಾಡಿಯ ಮುಂದೆ ಯಾರೂ ಇರಬಾರದು. ಮೂರನೆಯ ಗೇರ್ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ತಕ್ಷಣ ಆಫ್ ಆಗಬೇಕು. ಓಡುತ್ತಲೇ ಇದ್ದರೆ ಕ್ಲಚ್ ಹೋಗಿದೆ. ಒಮ್ಮೆ ಮಾಡಿದರೆ ಸಾಕು, ಮತ್ತೆ ಮತ್ತೆ ಮಾಡಿದರೆ ಉಳಿದದ್ದೂ ಸುಡುತ್ತದೆ.

ಸದ್ದು ಕೇಳುವುದನ್ನೂ ಕಲಿಯಿರಿ. ಪೆಡಲ್ ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗನ್ನು ಅನುಮಾನಿಸಿ. ಒತ್ತಿದಾಗ ನಿಲ್ಲುವ ಸದ್ದು ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನದು. ಗೇರ್ ಬೀಳಲು ಕಷ್ಟ, ರಿವರ್ಸ್ ಹಾಕುವಾಗ ಕರಕರ ಎನ್ನುತ್ತದೆ ಎಂದರೆ ಅದು ಸವೆತದ ಲಕ್ಷಣವಲ್ಲ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಹೈಡ್ರಾಲಿಕ್ ಇದ್ದರೆ ಮೊದಲು ಕ್ಲಚ್ ಫ್ಲೂಯಿಡ್ ಮಟ್ಟ ನೋಡಿ, ಅದರ ಕೊಳವೆಯಲ್ಲಿ ಸಿಕ್ಕ ಗಾಳಿ ತೆಗೆಯಿರಿ. ಕೊನೆಗೆ ಗಾಡಿಯ ಕೆಳಗೆ ತೂರಿ ಕ್ಲಚ್ಚಿನ ಹೊರಕವಚವಾದ ಬೆಲ್ ಹೌಸಿಂಗಿನ ತಳವನ್ನು ಬೆರಳಿನಿಂದ ಒರೆಸಿ. ಎಣ್ಣೆ ಸಿಕ್ಕರೆ ಮೂಸಿ ನೋಡಿ: ಗಂಧಕದಂತೆ ಕಟುವಾಗಿದ್ದರೆ ಗೇರ್ ಆಯಿಲ್, ಇಲ್ಲದಿದ್ದರೆ ಹೆಚ್ಚಾಗಿ ಎಂಜಿನ್ ಆಯಿಲ್. ಯಾವ ಸೀಲ್ ತರಬೇಕು ಎಂಬುದು ಅಲ್ಲೇ ತಿಳಿಯುತ್ತದೆ. ಮಾವನ ಗಾಡಿಗೆ ಈ ಒಂದು ನಿಮಿಷದ ಕೆಲಸ ಯಾರಾದರೂ ಮಾಡಿದ್ದರೆ ಐದು ಸಾವಿರ ಉಳಿಯುತ್ತಿತ್ತು.

ಇಳಿಸಿದ ಮೇಲೆ

ಮೊದಲು ಧೂಳು. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶ ಹಾಳುಮಾಡುತ್ತದೆ. ಏರ್ ಹೊಡೆದು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಉಸ್ತಾದರು ಊದುತ್ತಿದ್ದರೂ ನೀವು ದೂರ ನಿಲ್ಲಿ.

ಲೈನಿಂಗನ್ನು ಹಿಡಿದಿಟ್ಟ ರಿವೆಟ್ಟಿನ ತಲೆಯಿಂದ ಲೈನಿಂಗಿನ ಮೇಲ್ಮೈಗೆ ಇರುವ ಆಳವನ್ನು ಅಳೆಯಿರಿ. ಸಾಮಾನ್ಯವಾಗಿ 0.3 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಪ್ಲೇಟ್ ಮುಗಿದಂತೆ. ಆಯಾ ಗಾಡಿಯ ಕೈಪಿಡಿಯ ಅಂಕಿಯೇ ಅಂತಿಮ. ಅದನ್ನೂ ಮೀರಿ ಓಡಿಸಿದರೆ ರಿವೆಟ್ಟುಗಳು ಫ್ಲೈವೀಲನ್ನು ಗೀಚುತ್ತವೆ, ಖರ್ಚು ಲೇತ್ ಅಂಗಡಿಯವರೆಗೆ ಬೆಳೆಯುತ್ತದೆ. ಕೆಲವು ಡೀಸೆಲ್ ಕಾರುಗಳಲ್ಲಿ ಎರಡು ಭಾಗದ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಅದರ ಬೆಲೆ ಕ್ಲಚ್ ಸೆಟ್ಟನ್ನೇ ಮೀರಬಹುದು, ಗಿರಾಕಿಗೆ ಮುಂಚೆಯೇ ತಿಳಿಸಿ.

ಪ್ಲೇಟ್ ಒಂದನ್ನೇ ಹಾಕಿ ಎಂದು ಗಿರಾಕಿ ಹಟ ಹಿಡಿಯುತ್ತಾರೆ. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದೇ ಸರಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಕೆಲವು ನೂರು ರೂಪಾಯಿಯ ರಿಲೀಸ್ ಬೇರಿಂಗ್ ಆರು ತಿಂಗಳ ನಂತರ ಕೂಗಿದರೂ ಕೂಲಿ ಪೂರ್ತಿಯೇ ಕೊಡಬೇಕು. ಸೀಲುಗಳಿಗೂ, ಗೇರ್ ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗಿಗೂ ಇದೇ ನ್ಯಾಯ. ಬಿಲ್ಲು ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ, ಹಳೆಯ ದರ ಹಾಕಿದ್ದರೆ ಪ್ರಶ್ನಿಸಿ. ವಿಮೆಯಿಂದ ಏನೂ ಸಿಗುವುದಿಲ್ಲ, ಸಹಜ ಸವೆತ ಅದರ ವ್ಯಾಪ್ತಿಗೆ ಬರುವುದಿಲ್ಲ.

ಜೋಡಿಸುವಾಗ ಪ್ಲೇಟನ್ನು ಡಮ್ಮಿ ಶಾಫ್ಟಿನಿಂದ (ಜೋಡಿಸಲು ಮಾತ್ರ ಬಳಸುವ ದಂಡದಿಂದ) ನಡುವಿಗೆ ತನ್ನಿ, ಫ್ಲೈವೀಲ್ ಕಡೆ ಎಂಬ ಗುರುತು ನೋಡಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಶಾಫ್ಟಿನ ಹಲ್ಲುಗಳಾದ ಸ್ಪ್ಲೈನಿಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು, ಹೆಚ್ಚಾದರೆ ಅದೇ ಚಿಮ್ಮಿ ಲೈನಿಂಗಿಗೆ ಹತ್ತುತ್ತದೆ. ಗೇರ್ ಬಾಕ್ಸಿನ ಭಾರವನ್ನು ಒಂದು ಕ್ಷಣವೂ ಪ್ಲೇಟಿನ ನಡುಭಾಗವಾದ ಹಬ್ ಮೇಲೆ ಬಿಡಬೇಡಿ. ಹಬ್ ಬಾಗಿದರೆ ಕ್ಲಚ್ ನಡುಗುತ್ತದೆ, ಮತ್ತೆ ಇಳಿಸಬೇಕಾಗುತ್ತದೆ.

ಮಾವನ ಗಾಡಿಯ ಫ್ರೀ ಪ್ಲೇಯನ್ನು ಈಗ ತಿಂಗಳಿಗೊಮ್ಮೆ ಸ್ಕೇಲ್ ಹಿಡಿದು ನಾನೇ ಅಳೆದು ಪುಸ್ತಕದಲ್ಲಿ ಬರೆದಿಡುತ್ತೇನೆ. ಜೋಡಿಸಿದ ದಿನ 15 ಮಿಲಿಮೀಟರ್ ಇತ್ತು. ಕಳೆದ ಭಾನುವಾರ 12 ಇತ್ತು, ನಟ್ಟನ್ನು ಸಡಿಲಿಸಿ ಮತ್ತೆ 15ಕ್ಕೆ ತಂದೆ.