ಪ್ರತ್ಯೇಕ ಮತಕ್ಷೇತ್ರ: ಬ್ರಿಟಿಷರ ಕಾಲದ ಮುಸ್ಲಿಂ ರಾಜಕೀಯದ ಹಿಂದಿನ ಕತೆ

‘ಬ್ರಿಟಿಷರ ಕಾಲದಲ್ಲಿ ಮುಸ್ಲಿಮರೆಲ್ಲ ಮುಸ್ಲಿಂ ಲೀಗ್ ಪಕ್ಷದ ಹಿಂದೆ ಇದ್ದರು’ ಎಂದು ಸುಮ್ನೆ ಹೇಳಿಬಿಡುವವರು ಜಾಸ್ತಿ. ಆಗಿನ ಚುನಾವಣೆಗಳನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

1906ರ ಅಕ್ಟೋಬರ್ 1ರಂದು ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಆಗಾ ಖಾನ್ ಮುಂದಾಳತ್ವದಲ್ಲಿ ಮುಸ್ಲಿಮರ ಒಂದು ನಿಯೋಗ ಶಿಮ್ಲಾದಲ್ಲಿ ವೈಸ್‌ರಾಯ್ ಮಿಂಟೋ ಅವರನ್ನು ಕಂಡಿತು. ಬಂದವರಲ್ಲಿ ನವಾಬರು, ಜಮೀನ್ದಾರರು, ವಕೀಲರೇ ಹೆಚ್ಚು. ನಮ್ಮ ಪ್ರತಿನಿಧಿಗಳನ್ನು ನಾವೇ ಆರಿಸಬೇಕು ಎಂಬುದು ಅವರ ಬೇಡಿಕೆ. ಅದರ ಹಿಂದೆ ನಿಜವಾದ ಆತಂಕವೂ ಇತ್ತು. ಆಸ್ತಿ, ಓದು ಇದ್ದವರಿಗೆ ಮಾತ್ರ ಓಟು ಎಂದರೆ ಬಡ ಸಮುದಾಯಗಳ ಸಂಖ್ಯೆ ಪಟ್ಟಿಯಲ್ಲೇ ಕರಗಿಹೋಗುತ್ತದೆ, ಅಲ್ವಾ? ಅದೇ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ಮುಸ್ಲಿಂ ಲೀಗ್ ಹುಟ್ಟಿತು. 1909ರ ಮಾರ್ಲೆ–ಮಿಂಟೋ ಸುಧಾರಣೆ ಬೇಡಿಕೆಯನ್ನು ಕಾನೂನು ಮಾಡಿತು. ಮುಸ್ಲಿಂ ಸೀಟಿಗೆ ಮುಸ್ಲಿಂ ಅಭ್ಯರ್ಥಿ, ಓಟು ಹಾಕುವವರೂ ಮುಸ್ಲಿಮರೇ. ಪ್ರತ್ಯೇಕ ಮತಕ್ಷೇತ್ರ ಎಂದರೆ ಇದೇ.

ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿಗೂ, ಮದ್ರಾಸ್ ಪ್ರಾಂತ್ಯದ ಮಂಗಳೂರು, ಬಳ್ಳಾರಿಗೂ ಇದೇ ಕಾನೂನು. ಮೈಸೂರು ಅರಸರ ಸಂಸ್ಥಾನವಾದ್ದರಿಂದ ಇದರಿಂದ ಹೊರಗೆ.

ಈ ಪದ್ಧತಿಯ ಪೆಟ್ಟು ಬಿದ್ದದ್ದು ಪ್ರಚಾರದ ಮೇಲೆ ಎಂದು ನನಗನಿಸುತ್ತದೆ. ಗೆಲ್ಲಲು ಪಕ್ಕದ ಬೀದಿಯ ಹಿಂದೂವಿನ ಓಟು ಬೇಕಿಲ್ಲ ಎಂದಮೇಲೆ ಅವನ ಬಾಗಿಲು ತಟ್ಟುವವರು ಯಾರು? ಆ ಕಡೆಯ ಹಿಂದೂ ಅಭ್ಯರ್ಥಿಗೂ ಅಷ್ಟೇ. 1916ರ ಲಖನೌ ಒಪ್ಪಂದದಲ್ಲಿ ಕಾಂಗ್ರೆಸ್ ಕೂಡ ಇದಕ್ಕೆ ಒಪ್ಪಿತು. ಒಪ್ಪಂದ ಕುದುರಿಸಿದವರಲ್ಲಿ ತಿಲಕರೂ ಇದ್ದರು, ಜಿನ್ನಾ ಅವರೂ ಇದ್ದರು.

1927ರಲ್ಲಿ ಇದನ್ನು ಬಿಡುವ ಅವಕಾಶ ಬಂದಿತ್ತು. ಜಿನ್ನಾ ಮತ್ತು ಕೆಲವು ಮುಸ್ಲಿಂ ನಾಯಕರು ದೆಹಲಿಯಲ್ಲಿ ಸೇರಿ, ಎಲ್ಲ ಧರ್ಮದವರೂ ಒಟ್ಟಿಗೆ ಓಟು ಹಾಕುವ ಜಂಟಿ ಮತಕ್ಷೇತ್ರ ಒಪ್ಪುತ್ತೇವೆ ಎಂದರು. ಬದಲಿಗೆ ಸಿಂಧ್ ಪ್ರತ್ಯೇಕ ಪ್ರಾಂತ್ಯವಾಗಬೇಕು, ಪಂಜಾಬ್ ಮತ್ತು ಬಂಗಾಳದಲ್ಲಿ ಜನಸಂಖ್ಯೆಗೆ ತಕ್ಕ ಸೀಟು ಬೇಕು, ಕೇಂದ್ರ ಶಾಸನಸಭೆಯಲ್ಲಿ ಮೂರನೇ ಒಂದು ಭಾಗ ಸೀಟು ಸಿಗಬೇಕು. ಲೀಗ್‌ನೊಳಗೇ ಅಪಸ್ವರ ಎದ್ದಿತು, ಹಿಂದೂ ಮಹಾಸಭಾ ವಿರೋಧಿಸಿತು. ಮೋತಿಲಾಲ್ ನೆಹರೂ ಸಮಿತಿ ಬರೆದ ಸಂವಿಧಾನದ ಕರಡು, ಅಂದರೆ 1928ರ ನೆಹರೂ ವರದಿ, ಜಂಟಿ ಮತಕ್ಷೇತ್ರವನ್ನು ಇಟ್ಟುಕೊಂಡು, ಕೇಂದ್ರದ ಮೂರನೇ ಒಂದು ಭಾಗವನ್ನು ಬಿಟ್ಟಿತು. ಆ ವರ್ಷದ ಕೊನೆಯಲ್ಲಿ ಕಲ್ಕತ್ತಾದ ಸರ್ವಪಕ್ಷ ಸಮಾವೇಶದಲ್ಲಿ ಜಿನ್ನಾ ಕೇಳಿದ ತಿದ್ದುಪಡಿಗಳೂ ಬಿದ್ದುಹೋದವು.

ಅತ್ತ ಬೀದಿಯ ರಾಜಕೀಯ ಬೇರೆಯೇ ಇತ್ತು. ಪೂರ್ಣ ಸ್ವಾತಂತ್ರ್ಯ ಬೇಕೆಂದು 1921ರ ಅಹಮದಾಬಾದ್ ಕಾಂಗ್ರೆಸ್‌ನಲ್ಲಿ ನಿರ್ಣಯ ತಂದವರು ಉರ್ದು ಕವಿ ಹಸರತ್ ಮೊಹಾನಿ. ಗಾಂಧೀಜಿಯೇ ಅದನ್ನು ಒಪ್ಪಲಿಲ್ಲ! ವಾಯವ್ಯ ಗಡಿ ಪ್ರಾಂತ್ಯದಲ್ಲಿ ಅಬ್ದುಲ್ ಗಫಾರ್ ಖಾನ್ 1929ರಲ್ಲಿ ಖುದಾಯಿ ಖಿದ್ಮತ್‌ಗಾರ್ ಎಂಬ ಅಹಿಂಸಾ ಚಳವಳಿ ಕಟ್ಟಿದರು. 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಸೈನಿಕರು ಪ್ರತಿಭಟನೆಗೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದರು. ಆದರೆ ಗಢವಾಲ್ ರೈಫಲ್ಸ್ ಪಡೆಯ ಸೈನಿಕರು ಗುಂಡು ಹಾರಿಸಲು ನಿರಾಕರಿಸಿ ಶಿಕ್ಷೆ ಉಂಡರು.

1937ರ ಪ್ರಾಂತೀಯ ಚುನಾವಣೆಯಲ್ಲಿ 482 ಮುಸ್ಲಿಂ ಸೀಟುಗಳಲ್ಲಿ ಲೀಗ್‌ಗೆ ನಾಲ್ಕನೇ ಒಂದು ಭಾಗವೂ ಸಿಗಲಿಲ್ಲ. ಪಂಜಾಬ್, ಎಲ್ಲ ಧರ್ಮದ ಜಮೀನ್ದಾರರಿದ್ದ ಯೂನಿಯನಿಸ್ಟ್ ಪಕ್ಷದ ಕೈಗೆ ಹೋಯಿತು. ಬಂಗಾಳದಲ್ಲಿ ಫಜಲುಲ್ ಹಕ್ ಅವರ ಕೃಷಕ್ ಪ್ರಜಾ ಪಕ್ಷ ರೈತರ ಸಾಲ, ಗೇಣಿಯ ಮಾತಾಡಿ ಸೀಟು ಗೆದ್ದಿತು. ಕಾಂಗ್ರೆಸ್ ಮೆರೆಯುವಂತೆಯೂ ಇರಲಿಲ್ಲ: ಅದು ನಿಂತದ್ದೇ 58 ಮುಸ್ಲಿಂ ಸೀಟುಗಳಿಗೆ, ಗೆದ್ದದ್ದು 26.

ಒಂಬತ್ತೇ ವರ್ಷದಲ್ಲಿ ಎಲ್ಲ ತಲೆಕೆಳಗಾಯಿತು. ಮುಸ್ಲಿಮರಿಗೆ ಪ್ರತ್ಯೇಕ ರಾಷ್ಟ್ರ ಕೇಳಿದ ಲೀಗ್‌ನ 1940ರ ಲಾಹೋರ್ ನಿರ್ಣಯ, ಕಾಂಗ್ರೆಸ್ ನಾಯಕರು ಜೈಲಿನಲ್ಲಿದ್ದ ಯುದ್ಧದ ವರ್ಷಗಳು ಲೀಗ್‌ಗೆ ಬಲ ತಂದವು. ವಿಭಜನೆಯ ವಿರುದ್ಧ ಆಜಾದ್ ಮುಸ್ಲಿಂ ಸಮ್ಮೇಳನ ನಡೆಸಿದ ಸಿಂಧ್‌ನ ಅಲ್ಲಾ ಬಕ್ಷ್ ಸೂಮ್ರೋ 1943ರಲ್ಲಿ ಕೊಲೆಯಾದರು. 1945–46ರ ಚುನಾವಣೆಯಲ್ಲಿ ಕೇಂದ್ರ ಶಾಸನಸಭೆಯ 30 ಮುಸ್ಲಿಂ ಸೀಟುಗಳೂ ಲೀಗ್ ಪಾಲಾದವು. ಪ್ರಾಂತ್ಯಗಳಲ್ಲೂ ಬಹುಪಾಲು ಅದಕ್ಕೇ. ಆದರೆ ಆಗಲೂ ವಯಸ್ಕರಲ್ಲಿ ಹೆಚ್ಚಿನವರಿಗೆ ಓಟೇ ಇರಲಿಲ್ಲ. ಮುಸ್ಲಿಮರೇ ತುಂಬಿದ್ದ ಗಡಿ ಪ್ರಾಂತ್ಯದಲ್ಲಂತೂ ಮತ್ತೆ ಕಾಂಗ್ರೆಸ್ ಸರ್ಕಾರವೇ ಬಂತು. ಬಹುಸಂಖ್ಯಾತರ ಭಯವಿಲ್ಲದ ಕಡೆ ಲೀಗ್‌ನ ಮಾತು ಅಷ್ಟು ನಾಟಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ಸಂವಿಧಾನ ಸಭೆ ಪ್ರತ್ಯೇಕ ಮತಕ್ಷೇತ್ರವನ್ನು 1947ರಲ್ಲೇ ಕೈಬಿಟ್ಟಿತು. 1949ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸೀಟುಗಳೂ ಹೋದವು. ಲೀಗ್‌ನಿಂದ ಬಂದ ಬೇಗಂ ಐಜಾಜ್ ರಸೂಲ್ ಅವರೇ ಮೀಸಲು ಬೇಡ ಎಂದು ವಾದಿಸಿದ್ದರು. ಪಾಕಿಸ್ತಾನದಲ್ಲಿ ಸೇನಾ ಆಡಳಿತಗಾರ ಜಿಯಾ ಉಲ್ ಹಕ್ 1985ರ ಚುನಾವಣೆಗೆ ಇದೇ ಪದ್ಧತಿಯನ್ನು ಮತ್ತೆ ತಂದರು. ಅಲ್ಲಿ ಬೇರೆಯಾಗಿ ಓಟು ಹಾಕಬೇಕಾದವರು ಹಿಂದೂಗಳು, ಕ್ರೈಸ್ತರು. ಅವರು ಸಾಮಾನ್ಯ ಸೀಟುಗಳಿಗೆ ಮತ್ತೆ ಓಟು ಹಾಕುವಂತಾದದ್ದು 2002ರಲ್ಲಿ.