ಮುನ್ನೂರು ಮೀಟರ್, ಆದರೆ ಯಾವ ಗಾಜಿನಲ್ಲಿ?

ಕಲಬುರಗಿಯ ಕಾಲೇಜು, ಆಸ್ಪತ್ರೆ, ಕಚೇರಿಗಳಲ್ಲಿ ನೆಟ್‌ವರ್ಕ್ ವೇಗ ಹೆಚ್ಚಿಸುವ ಮಾತು ಬಂದಾಗ ‘ಫೈಬರ್ ಆಗಲೇ ಎಳೆದಾಗಿದೆ, ಸ್ವಿಚ್ ಬದಲಿಸಿದರೆ ಸಾಕು’ ಎನ್ನುವವರೇ ಹೆಚ್ಚು. ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಬೆಸೆಯುವ ಈಥರ್‌ನೆಟ್ ವ್ಯವಸ್ಥೆಯ 802.3 ಮಾನದಂಡ ಹಾಗೆ ಹೇಳುವುದಿಲ್ಲ. ಹೊಸ ವೇಗವೊಂದಕ್ಕೆ ನಿಯಮ ಬರೆಯುವ ಮೊದಲು ಅದರ ಸಮಿತಿ ತನ್ನ ಗುರಿಗಳನ್ನು ಗೊತ್ತುಮಾಡಿಕೊಳ್ಳುತ್ತದೆ. ಫೈಬರ್ ಎಂದರೆ ಬೆಳಕನ್ನು ಹೊತ್ತೊಯ್ಯುವ ಗಾಜಿನ ಎಳೆ; ಅದರ ಕುರಿತ ಗುರಿಯಲ್ಲಿ ವೇಗ, ಗಾಜಿನ ಬಗೆ, ಕನಿಷ್ಠ ದೂರ ಈ ಮೂರನ್ನೂ ಕೂಡಿಸಿಯೇ ಓದಬೇಕು.

1998ರ ಗಿಗಾಬಿಟ್ (ಸೆಕೆಂಡಿಗೆ ನೂರು ಕೋಟಿ ಬಿಟ್) ಮಾನದಂಡದಲ್ಲಿ, 200 ಮೆಗಾಹರ್ಟ್ಸ್-ಕಿಲೋಮೀಟರ್ ದರ್ಜೆಯ (ಎಷ್ಟು ವೇಗದ ಸಂಕೇತ ಎಷ್ಟು ದೂರ ಕೆಡದೆ ಹೋಗಬಲ್ಲದೆಂಬ ಅಳತೆ ಇದು), 62.5 ಮೈಕ್ರಾನ್ ಅಗಲದ ತಿರುಳಿರುವ (ಬೆಳಕು ಹರಿಯುವ ನಡುಭಾಗವೇ ತಿರುಳು) ಫೈಬರ್‌ಗೆ 850 ನ್ಯಾನೋಮೀಟರ್ ಬೆಳಕಿನಲ್ಲಿ 275 ಮೀಟರ್ ದೂರ ಸಲ್ಲುತ್ತದೆ. 2002ರ ಹತ್ತು ಗಿಗಾಬಿಟ್ ಮಾನದಂಡದಲ್ಲಿ ಅದೇ ಗಾಜಿಗೆ ಸಲ್ಲುವುದು ಬರೀ 33 ಮೀಟರ್. 50 ಮೈಕ್ರಾನ್‌ನ ಓಎಂ3 ಫೈಬರ್‌ಗಾದರೆ 300 ಮೀಟರ್. (ಅಗಲ ತಿರುಳಿನ ಫೈಬರ್‌ನ ದರ್ಜೆಗಳಿಗೆ ಓಎಂ1, ಓಎಂ2, ಓಎಂ3, ಓಎಂ4 ಎಂಬ ಹೆಸರುಗಳಿವೆ.)

ಬೆಳಕು ಕುಂದಿಹೋಗುವುದರಿಂದ ಹೀಗಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಇಲ್ಲಿ ಮುಖ್ಯ ತೊಡಕು ಬೆಳಕು ಹರಡಿಕೊಳ್ಳುವುದು. ಹುಣ್ಣಿಮೆಗೆ ಗಾಣಗಾಪುರಕ್ಕೆ ತಂಡತಂಡವಾಗಿ ಹೊರಟ ಜನರಲ್ಲಿ ಕೆಲವರು ನೇರ ದಾರಿಯನ್ನೂ ಕೆಲವರು ಸುತ್ತುದಾರಿಯನ್ನೂ ಹಿಡಿದರೆ, ಊರು ಮುಟ್ಟುವ ಹೊತ್ತಿಗೆ ಹಿಂದಿನ ತಂಡದ ಮುಂದಾಳುಗಳು ಮುಂದಿನ ತಂಡದ ಕೊನೆಯವರೊಡನೆ ಬೆರೆತುಹೋಗುತ್ತಾರೆ. ಅಗಲವಾದ ತಿರುಳಿನ ಗಾಜಿನಲ್ಲಿಯೂ ಬೆಳಕಿಗೆ ಅನೇಕ ದಾರಿಗಳಿವೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಗಿಗಾಬಿಟ್ ವೇಗದಲ್ಲಿ ಮಾಹಿತಿ ಹೊತ್ತ ಬೆಳಕಿನ ಒಂದು ಮಿಡಿತ ಅಲ್ಲಿ ಸುಮಾರು 16 ಸೆಂಟಿಮೀಟರ್ ಉದ್ದವಿರುತ್ತದೆ. ಹತ್ತು ಗಿಗಾಬಿಟ್‌ನದು 2 ಸೆಂಟಿಮೀಟರ್ ಮಾತ್ರ. ಒಂದೆರಡು ಸೆಂಟಿಮೀಟರಿನ ಹರಡಿಕೆಯನ್ನು ಮೊದಲಿನದು ತಾಳಿಕೊಳ್ಳುತ್ತದೆ, ಎರಡನೆಯದು ನೆರೆಯ ಮಿಡಿತದೊಳಗೆ ಕರಗುತ್ತದೆ. ಓಎಂ3 ಫೈಬರ್‌ನಲ್ಲಿ ತಿರುಳಿನ ನಡುವಿನಿಂದ ಅಂಚಿನತ್ತ ವಕ್ರೀಭವನಾಂಕವನ್ನು (ಗಾಜು ಬೆಳಕನ್ನು ಎಷ್ಟು ನಿಧಾನಗೊಳಿಸುತ್ತದೆಂಬ ಅಳತೆಯನ್ನು) ಬಹಳ ನಿಖರವಾಗಿ ಇಳಿಸಿರುತ್ತಾರೆ. ಅದರಿಂದ ಸುತ್ತಿ ಬರುವ ಬೆಳಕು ಹೆಚ್ಚು ವೇಗವಾಗಿ ಸಾಗಿ, ನೇರವಾಗಿ ಬಂದ ಬೆಳಕಿನ ಜೊತೆಗೇ ತಲುಪುತ್ತದೆ. ಎಂಥ ಸೊಗಸಾದ ಉಪಾಯವಿದು! ಸಿಂಗಲ್ ಮೋಡ್ ಫೈಬರ್‌ನ ತಿರುಳು ಸುಮಾರು 9 ಮೈಕ್ರಾನ್ ಇದ್ದು, ದಾರಿ ಒಂದೇ ಆಗಿರುವುದರಿಂದ 1310 ನ್ಯಾನೋಮೀಟರ್ ಬೆಳಕು ಹತ್ತು ಗಿಗಾಬಿಟ್‌ನಲ್ಲಿ 10 ಕಿಲೋಮೀಟರ್ ಹೋಗುತ್ತದೆ.

ಮಾನದಂಡ ಹೇಳುವ ದೂರ ಬೆಳಕಿನ ಕೊನೆಯ ಗಡಿಯಲ್ಲ. ಯಾವ ತಯಾರಕರ ಉಪಕರಣವಾದರೂ, ನಿಯಮ ಒಪ್ಪುವ ಅತ್ಯಂತ ದುರ್ಬಲ ಲೇಸರ್ ಇದ್ದರೂ ಅಷ್ಟು ದೂರ ಕೆಲಸ ನಡೆಯಲೇಬೇಕೆಂಬ ಕಟ್ಟುಪಾಡು ಅದು. ಹಾಗಾಗಿ 340 ಮೀಟರಿನ ಕೇಬಲ್ ಇಂದು ನಡೆಯುತ್ತಿದೆ ಎಂದ ಮಾತ್ರಕ್ಕೆ, ನಾಳೆ ಬೇರೆ ಮಾಡ್ಯೂಲ್ (ಸ್ವಿಚ್‌ಗೆ ಸಿಕ್ಕಿಸುವ, ಲೇಸರ್ ಇರುವ ಬಿಡಿಭಾಗ) ಹಾಕಿದಾಗಲೂ ನಡೆದೀತೆಂದು ನಂಬುವಂತಿಲ್ಲ. ಕೇಬಲ್‌ಗಳನ್ನು ಜೋಡಿಸುವ ಕನೆಕ್ಟರ್‌ಗಳ ಲೆಕ್ಕವೂ ಇದರೊಳಗೇ ಸೇರಿದೆ. 2010ರ ನಲವತ್ತು ಗಿಗಾಬಿಟ್ ಮಾನದಂಡ ಓಎಂ3ಗೆ 100 ಮೀಟರ್, ಓಎಂ4ಗೆ 150 ಮೀಟರ್ ಎನ್ನುತ್ತದೆ. ಆದರೆ ಕನೆಕ್ಟರ್‌ಗಳಲ್ಲಿ ಸೋರಬಹುದಾದ ಬೆಳಕು ಮೊದಲನೆಯದರಲ್ಲಿ 1.5 ಡೆಸಿಬೆಲ್ (ಬೆಳಕಿನ ನಷ್ಟದ ಅಳತೆ), ಎರಡನೆಯದರಲ್ಲಿ 1 ಡೆಸಿಬೆಲ್ ಮಾತ್ರ. ನಮ್ಮ ಬೇಸಿಗೆಯ ದೂಳಿನಲ್ಲಿ ಮುಚ್ಚಳ ತೆಗೆದಿಟ್ಟ ಕನೆಕ್ಟರ್ ಈ ಅಲ್ಪ ಮೊತ್ತವನ್ನು ಸುಲಭವಾಗಿ ನುಂಗಿಹಾಕುತ್ತದೆ.

ಹಳೆಯ ಕಟ್ಟಡದಲ್ಲಿ ಸ್ವಿಚ್ ಕೊಳ್ಳುವ ಮೊದಲು ಕೇಬಲಿನ ಹೊದಿಕೆಯ ಮೇಲಿನ ಅಚ್ಚನ್ನು ಓದಬೇಕು: 62.5/125 ಎಂದಿದೆಯೋ, 50/125 ಎಂದಿದೆಯೋ. 62.5 ಮೈಕ್ರಾನ್‌ನ ಓಎಂ1, 50 ಮೈಕ್ರಾನ್‌ನ ಓಎಂ2 ಎರಡಕ್ಕೂ ಕಿತ್ತಳೆ ಬಣ್ಣದ ಹೊದಿಕೆಯೇ ಬರುವುದರಿಂದ ಬಣ್ಣ ನೋಡಿ ತೀರ್ಮಾನಿಸಲಾಗದು.